ಭರಣಿಯ ಮೇಲಿನ ಕಪ್ಪೆಗಳು

ನಮ್ಮ ಮನೆಯ ಉಪ್ಪಿನಕಾಯಿ ಭರಣಿಯ ಮೇಲೆ ಒಂದು ಇಂಗ್ಲಿಷ್ ವಾಕ್ಯ ಇಡೀ ಬೇಸಿಗೆ ಮಲಗಿತ್ತು.

ಬರಹ ಹೀಗೆ ಶುರುವಾಗಬೇಕು ಎಂದು ನಾನು ಎಷ್ಟೋ ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇನೆ. ಮೊದಲ ವಾಕ್ಯ ಓದುವವನ ಅಂಗಿ ಹಿಡಿದು ಒಳಗೆ ಎಳೆದುಕೊಳ್ಳಬೇಕು ಎಂದು ಹಲಗೆಗೆ ಬಡಿದು ಹೇಳಿದ್ದೇನೆ. ಅಪ್ಪಯ್ಯನಿಗೆ ಮಾತ್ರ ಇದು ಕೊನೆಯವರೆಗೂ ಒಪ್ಪಿಗೆಯಾಗಲಿಲ್ಲ. “ಎಳ್ದ್ ಅಂಗಿ ಹರ್ದ್ರೆ ಹೊಲ್ಸಿ ಕೊಡುದ್ ಯಾರ್?” ಎಂದು ಅವರು ಕೇಳಿದ್ದು ನನಗೆ ನೆನಪಿದೆ. ನೆನಪಿದೆ ಎಂದರೆ, ಅವರು ಹಾಗೆ ಕೇಳಿದ್ದರೆ ಚೆನ್ನಾಗಿತ್ತು ಎಂದು ನನಗೇ ಎಂದೋ ಅನ್ನಿಸಿ, ಆಮೇಲೆ ಅದು ನೆನಪಿನ ಸಾಲಿಗೆ ಬಂದು ಕೂತಿರುವ ಸಾಧ್ಯತೆಯೂ ಇದೆ. ಮೈಸೂರಿನಲ್ಲಿ ಓದಿ ನಾನು ಕಲಿತ ಒಂದೇ ಗಟ್ಟಿ ವಿದ್ಯೆ ಸಂಶಯಪಡುವುದು. ಅದನ್ನು ಊರಿನ ಎಲ್ಲರ ಮೇಲೂ ಪ್ರಯೋಗಿಸಿ, ಯಾರೂ ಮಾತಾಡಿಸದ ಹಾಗೆ ಆದ ಮೇಲೆ, ಉಳಿದದ್ದನ್ನು ನನ್ನ ನೆನಪಿನ ಮೇಲೇ ಬಿಟ್ಟುಕೊಂಡಿದ್ದೇನೆ.

ವಾಕ್ಯದ ಕಥೆಗೆ ಮೊದಲು ಒಂದು ಜೋಡಿ ಚಪ್ಪಲಿಯ ಕಥೆ ಹೇಳಬೇಕು. ನಮ್ಮ ಜಿಲ್ಲೆ ಮದ್ರಾಸಿನ ಕೈಬಿಟ್ಟು ಮೈಸೂರಿಗೆ ಸೇರಿದ ವರ್ಷ ಅದು. ನಮ್ಮ ಮನೆ ಕೋಟೇಶ್ವರದಲ್ಲಿತ್ತು. ಒಂದು ಬೆಳಿಗ್ಗೆ ಬೈಂದೂರಿನ ಕಡೆಯಿಂದ ಹಿರಿಯರೊಬ್ಬರು ಬಂದರು. ಕಾಲು ತೊಳೆದು ಜಗಲಿಯ ಮೇಲೆ ಕೂತು ಮಳೆಯ ವಿಷಯ ಮಾತಾಡಿದರು. ಹೊಳೆ ದಾಟಲು ದೋಣಿಗೆ ಎಷ್ಟು ಹೊತ್ತು ಕಾಯಬೇಕಾಯಿತೆಂದು ಹೇಳಿದರು. ಹಾಲು ಕೊಡುವುದು ಬಿಟ್ಟ ಎಮ್ಮೆಯೊಂದರ ಚರಿತ್ರೆಯನ್ನು ಅದರ ಅಜ್ಜಿಯಿಂದ ಶುರು ಮಾಡಿದರು. ಊಟ ಮಾಡಿದರು, ಮಲಗಿದರು, ಎದ್ದು ಕಾಫಿ ಕುಡಿದರು. ಯಾಕೆ ಬಂದದ್ದೆಂದು ಅವರೂ ಹೇಳಲಿಲ್ಲ, ಅಪ್ಪಯ್ಯನೂ ಕೇಳಲಿಲ್ಲ. ಬಾಗಿಲ ಸಂದಿಯಲ್ಲಿ ಚಡಪಡಿಸುತ್ತಿದ್ದವನು ನಾನೊಬ್ಬನೇ.

“ಅಜ್ಜಿ, ಅವ್ರ್ ಎಂತಕೆ ಬಂದದ್ದ್?” ಎಂದು ಕೇಳಿದೆ.

“ಇನ್ನೂ ಮೆಟ್ಟ್ ಹಾಕ್ಲಿಲ್ಲೆ ಅಲ್ದಾ? ನಿಂಗೆಂತ ಅವ್ಸರ?” ಎಂದಳು ಅಜ್ಜಿ. ಅವಳು ಅಷ್ಟು ಹೊತ್ತೂ ಒಳಗೆ ಹಲಸಿನ ಹಪ್ಪಳ ಲಟ್ಟಿಸುತ್ತಿದ್ದಳು. ಬಂದವರು ಹೊರಟು ಮೆಟ್ಟಿಲಿಳಿದು ಒಂದು ಕಾಲನ್ನು ಚಪ್ಪಲಿಗೆ ತೂರಿಸಿದರೋ ಇಲ್ಲವೋ, ಅಜ್ಜಿ ಲಟ್ಟಣಿಗೆ ಕೆಳಗಿಟ್ಟು ಬಾಗಿಲಿಗೆ ಬಂದು ನಿಂತಳು.

“ಹ್ವಾಯ್, ಮತ್ತೊಂದ್ ವಿಷ್ಯ ಇದ್ದಿತ್ತ್,” ಎಂದರು ಅವರು, ಇನ್ನೊಂದು ಚಪ್ಪಲಿಯನ್ನು ಕಾಲಿನಲ್ಲೇ ಹುಡುಕುತ್ತಾ. “ನಮ್ಮಲ್ಲೊಂದ್ ಗಂಡ್ ಇತ್ತ್. ನಿಮ್ಮನಿ ಹೆಣ್ಣಿಗೆ ಆಪುದಾ ಕಾಣಿ.”

ಇಡೀ ದಿನದ ಮಾತಿನಲ್ಲಿ ಎರಡು ನಿಮಿಷದ ಆ ಮಾತೇ ಮಾತು. ಅಕ್ಕನ ಮದುವೆ ಆ ಮೆಟ್ಟಿಲ ಮೇಲೆ ಅರ್ಧ ಮುಗಿಯಿತು. ಇದೆಂಥ ಪದ್ಧತಿ ಎಂದು ನಾನು ಅಪ್ಪಯ್ಯನನ್ನು ಕೇಳಿದ್ದಕ್ಕೆ ಅವರು ಹೇಳಿದರು: “ಕೂಕಂಡಲ್ಲಿ ಹೇಳಿ, ನಾವ್ ಆಪುದಿಲ್ಲೆ ಅಂದ್ರೆ, ಮತ್ತೆ ಒಂದೇ ಜಗ್ಲಿ ಮೇಲೆ ಮುಖ ಮುಖ ಕಾಣ್ಕಂಡ್ ಊಟ ಮಾಡುದ್ ಹ್ಯಾಂಗೆ? ಮೆಟ್ಟ್ ಹಾಕಿ ಹೇಳ್ರೆ, ಇಲ್ಲೆ ಅಂದ್ರೂ ಅವ್ರ್ ಹೊರ್ಟಾಯ್ತ್.” ಅಂದಿನಿಂದ ನಾನು ಮನೆಗೆ ಬಂದವರ ಮುಖ ನೋಡುವುದು ಬಿಟ್ಟು ಕಾಲು ನೋಡುವುದು ಕಲಿತೆ.

ಅಪ್ಪಯ್ಯ ಕುಂದಾಪುರದ ಒಂದು ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದರು. ಅಲ್ಲಿ ಗುಮಾಸ್ತರನ್ನು ರೈಟರು ಎನ್ನುತ್ತಿದ್ದರು. ಹೊಳೆಯ ಕಡೆಗಿದ್ದ ಕಿಟಕಿಯ ಪಕ್ಕ ಅವರ ಕುರ್ಚಿ. ಬೆತ್ತದ ಆ ಕುರ್ಚಿಯ ನಡುವೆ ಇಪ್ಪತ್ತೆರಡು ವರ್ಷದಲ್ಲಿ ಒಂದು ಗುಂಡಿ ಬಿದ್ದಿತ್ತು, ಬೇರೆ ಯಾರು ಕೂತರೂ ಅದರಲ್ಲಿ ಓರೆಯಾಗುತ್ತಿದ್ದರು. ಕನ್ನಡದಲ್ಲಿ ಅವರ ಅಕ್ಷರ ಅಚ್ಚಿನ ಹಾಗಿತ್ತು. ಇಂಗ್ಲಿಷ್ ಪತ್ರಗಳನ್ನು ಬರೆಯುತ್ತಿದ್ದವರು ಹಳೆಯ ಮ್ಯಾನೇಜರು. ನಾನು ಎಂ.ಎ. ಮುಗಿಸಿ, ಕೆಲಸ ಸಿಗುವವರೆಗೆ ಎಂದು ಮನೆಗೆ ಬಂದು ಜಗಲಿಯ ಉದ್ದ ಅಳೆಯುತ್ತಿದ್ದ ಬೇಸಿಗೆಯಲ್ಲಿ ಆ ಮ್ಯಾನೇಜರು ವಯಸ್ಸಾಯಿತೆಂದು ಊರಿಗೆ ಹೋದರು. ಧಣಿಗಳ ಅಳಿಯ ಬೊಂಬಾಯಿಯಿಂದ ಬಂದು ಆಫೀಸಿನಲ್ಲಿ ಕೂತರು.

ಅಳಿಯ ಒಳ್ಳೆಯವರೇ. ಆದರೆ ಬರುವಾಗಲೇ ಒಂದು ಟೈಪ್‌ರೈಟರ್ ತಂದಿದ್ದರು. ಅದನ್ನು ಒತ್ತಲು ಮಂಗಳೂರಿನಿಂದ ಒಬ್ಬನನ್ನು ಕರೆಸುವ ಮಾತೂ ಇತ್ತು. ಅವನು ಕೂರಲು ಇದ್ದ ಜಾಗವೆಂದರೆ ಆ ಕಿಟಕಿಯ ಪಕ್ಕದ್ದು ಮಾತ್ರ.

ಅಪ್ಪಯ್ಯನನ್ನು ಕರೆದು ಅವರು ಹೇಳಿದರಂತೆ: “ಕಾಣಿ ರೈಟ್ರೆ, ನಮ್ ಹೆಂಚ್ ತಕಂಬು ಕೊಚ್ಚಿಯೋರ್ ಹೋದ್ ವರ್ಷದಿಂದ ಕಾಗ್ದ ಬರೀಲಿಲ್ಲೆ. ಮಳಿಗ್ ಮೊದ್ಲ್ ಅವ್ರ್ ಆರ್ಡರ್ ಬರ್ಕ್. ನೀವೇ ಇಂಗ್ಲಿಷಂಗೆ ಒಂದ್ ಬರೀರಿ. ಆರ್ಡರ್ ಬಂದ್ರೆ ಕುರ್ಚಿ ನಿಮ್ದೇ. ಬಾರ್ದಿದ್ರೆ ನೀವ್ ಒಣ್ಗ್ಸು ಶೆಡ್ ಕಾಣ್ಕಂಡಿರಿ, ಅಲ್ಲೂ ಜನ ಬೇಕ್.”

ಒಣಗಿಸುವ ಶೆಡ್ ಎಂದರೆ ಹಸಿ ಹೆಂಚುಗಳ ಸಾಲಿನ ನಡುವೆ ಇಡೀ ದಿನ ನಿಂತಿರುವುದು. ಅಲ್ಲಿ ಕುರ್ಚಿಯೂ ಇಲ್ಲ, ಪೆನ್ನೂ ಇಲ್ಲ. ಐವತ್ತು ದಾಟಿದ್ದ ಅಪ್ಪಯ್ಯ ಮನೆಗೆ ಬಂದು, ಉಂಡು, ಎಲೆ ಅಡಿಕೆ ಮುಗಿಸಿ, ಎದ್ದು ಹೋಗುತ್ತಾ ಬಾಗಿಲಲ್ಲಿ ತಿರುಗಿ ನನಗೆ ಹೇಳಿದರು: “ಮಗಾ, ಮತ್ತೊಂದ್ ವಿಷ್ಯ. ನಂಗ್ ಇಂಗ್ಲಿಷ್ ಹೇಳಿ ಕೊಡ್ತ್ಯಾ?”

ಪಾಠ ಮರುದಿನ ಬೆಳಿಗ್ಗೆಯೇ ಶುರುವಾಯಿತು. ನಾನು ಜಗಲಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತಾ ಪಾಠ ಹೇಳುತ್ತಿದ್ದೆ. “ಕೂಕಂಡ್ ಹೇಳಾ, ನೆಲ ಸವೀತ್ತ್,” ಎಂದು ಅಮ್ಮ ಒಳಗಿನಿಂದ ಕೂಗುತ್ತಿದ್ದಳು. ಅಪ್ಪಯ್ಯನಿಗೆ ಸ್ಲೇಟು ಹಿಡಿಯಲು ನಾಚಿಕೆ. ಅದಕ್ಕೆ ಕಾರ್ಖಾನೆಯ ಒಡಕು ಹೆಂಚುಗಳನ್ನು ಸೈಕಲ್ಲಿನ ಹಿಂದೆ ಕಟ್ಟಿ ತಂದು, ಅವುಗಳ ಬೆನ್ನ ಮೇಲೆ ಮೊಳೆಯಿಂದ ಗೀಚಿ ಬರೆಯುತ್ತಿದ್ದರು. ವಾರದಲ್ಲಿ ಬಾವಿಕಟ್ಟೆಯ ಬಳಿ ಇಂಗ್ಲಿಷಿನ ಒಂದು ಗುಡ್ಡವೇ ಎದ್ದಿತು.

“ಐ ಸೆಂಡ್ ಟೈಲ್ಸ್,” ಎಂದು ನಾನು ಮೊದಲ ವಾಕ್ಯ ಕೊಟ್ಟೆ. ಮೊದಲು ಮಾಡುವವನು, ಆಮೇಲೆ ಕೆಲಸ, ಕೊನೆಗೆ ವಸ್ತು ಎಂದು ವಿವರಿಸಿದೆ.

ಅಪ್ಪಯ್ಯ ಹೆಂಚನ್ನು ದೂರ ಹಿಡಿದು ನೋಡಿದರು. “ನಾವ್ ಮಾಡಿಗ್ ಹೆಂಚ್ ಹಾಸುದ್ ಹ್ಯಾಂಗೆ? ಸುರುವಿಗ್ ಅಡಿ ಸಾಲ್, ಮತ್ತೆ ನೆಡು ಸಾಲ್, ಎಲ್ಲ ಮುಗ್ದ್ಮೇಲೆ ನೆತ್ತಿಗ್ ಒಂದ್. ನಮ್ ಮಾತೂ ಹಾಂಗೇ, ಕೆಲ್ಸ ಕಡಿಗ್ ಬತ್ತ್. ಇವ್ರ್ ಎಂತ, ಅಡಿ ಸಾಲ್ ಒಂದ್ ಹಾಕಿದ್ದೇ ನೆತ್ತಿ ಹೆಂಚ್ ಇಡ್ತ್ರಾ?”

ಎರಡು ಭಾಷೆಗಳ ವಾಕ್ಯರಚನೆಯ ವ್ಯತ್ಯಾಸವನ್ನು ಇದಕ್ಕಿಂತ ಚೆನ್ನಾಗಿ ನನಗೆ ಯಾವ ಪ್ರೊಫೆಸರೂ ಹೇಳಿರಲಿಲ್ಲ. ಹೌದೆಂದೆ.

“ಮತ್ತೆ ಈ ‘ಐ’ ಎಂತಕೆ? ನಾನ್ ಅಲ್ದೆ ಮತ್ಯಾರ್ ಕಳ್ಸುದ್?”

“ಹೇಳ್ಳೇಬೇಕ್ ಅಪ್ಪಯ್ಯ. ಇಲ್ದಿದ್ರೆ ವಾಕ್ಯ ಆಪುದಿಲ್ಲೆ.”

“ಆಯ್ತ್, ಹೇಳುವ. ಆದ್ರೆ ಅಷ್ಟ್ ದೊಡ್ ಅಕ್ಷರ ಯಾಕೆ? ‘ನೀವು’ ಅಂಬುದನ್ನ ಸಣ್ಣಕ್ ಬರ್ದ್, ‘ನಾನು’ ಅಂಬುದನ್ನ ಕಂಬದ ಹಾಂಗ್ ನಿಲ್ಸುದಾ? ಕಾಗ್ದ ಓದುವರ್ ಎಂತ ಎಣ್ಸ್ತ್ರ್?” ಎಂದು ಅವರು ನಿಜವಾಗಿ ನೊಂದುಕೊಂಡರು. ಆಮೇಲೆ ಎಷ್ಟು ಹೇಳಿದರೂ ಅವರ ‘ಐ’ ಉಳಿದ ಅಕ್ಷರಗಳಿಗಿಂತ ಒಂದು ಕೂದಲೆಳೆ ಗಿಡ್ಡವಾಗಿಯೇ ಬರುತ್ತಿತ್ತು.

ಮೂರನೇ ದಿನವೋ ನಾಲ್ಕನೇ ದಿನವೋ ‘ಎಸ್’ ಅಕ್ಷರದ ಜಗಳ ಬಂತು. ದಿ ಟೈಲ್ ಬ್ರೇಕ್ಸ್, ದಿ ಟೈಲ್ಸ್ ಬ್ರೇಕ್. ಒಂದೇ ಹೆಂಚಾದರೆ ಎಸ್ ಕೆಲಸಕ್ಕೆ, ಹಲವು ಹೆಂಚಾದರೆ ಎಸ್ ಹೆಂಚಿಗೆ. ಇದನ್ನು ನಾನು ನಿಯಮಗಳ ಸಮೇತ ವಿವರಿಸುತ್ತಾ ಜಗಲಿಯಲ್ಲಿ ಆರು ಸುತ್ತು ಹೊಡೆದೆ. ಅಪ್ಪಯ್ಯ ಹೆಗಲ ಮೇಲಿನ ಬೈರಾಸನ್ನು ತೆಗೆದು ಒದರಿದರು.

“ಗೊತ್ತಾಯ್ತ್ ಬಿಡ್. ಇಬ್ರಿಗೂ ಸೇರಿ ಇಪ್ಪುದ್ ಒಂದೇ ಬೈರಾಸ್. ಇವ ಹೊದ್ರೆ ಅವ್ನಿಗಿಲ್ಲೆ, ಅವ ಹೊದ್ರೆ ಇವ್ನಿಗಿಲ್ಲೆ. ಪಾಪ, ಬಡವ್ರ್.”

ಮುಂದೆ ಬ್ರಹ್ಮಾವರದಲ್ಲಿ ನಾನು ಮೇಷ್ಟ್ರಾದಾಗ ಈ ಬೈರಾಸಿನಿಂದಲೇ ನೂರಾರು ಮಕ್ಕಳನ್ನು ದಡ ಹತ್ತಿಸಿದೆ. ಅಪ್ಪಯ್ಯನ ಹೆಸರು ಹೇಳದೆ.

ಅದೇ ವಾರ ಅಮ್ಮ ಮಿಡಿ ಉಪ್ಪಿನಕಾಯಿ ಹಾಕಿದಳು. ಭರಣಿಯ ಮುಚ್ಚಳ ಒಡೆದಿತ್ತೋ ಕಳೆದಿತ್ತೋ, ಬಾವಿಕಟ್ಟೆಯ ಗುಡ್ಡದಿಂದ ಚಪ್ಪಟೆಯಾದ ಒಂದು ತುಂಡು ಹೆಕ್ಕಿ, ತೊಳೆದು, ಬಟ್ಟೆಯ ಮೇಲೆ ಮುಚ್ಚಿದಳು. ಅದರ ಮೇಲೆ ಬರೆದದ್ದು: ದಿ ಫ್ರಾಗ್ಸ್ ಆರ್ ರೆಡಿ. ಕಪ್ಪೆಗಳು ತಯಾರಾಗಿವೆ. ಊಟಕ್ಕೆ ಕೂತಾಗಲೆಲ್ಲ ಅದು ನನ್ನ ಕಣ್ಣಿಗೆ ಬೀಳುತ್ತಿತ್ತು. ಬಹುವಚನಕ್ಕೆ ‘ಆರ್’ ಸರಿಯಾಗಿ ಬಿದ್ದಿದೆ, ಎಸ್ ಕಪ್ಪೆಗೆ ಹೋಗಿದೆ, ಶಿಷ್ಯ ಮುಂದೆ ಬರುತ್ತಿದ್ದಾನೆ ಎಂದು ಖುಷಿಪಟ್ಟೆ. ಅಭ್ಯಾಸಕ್ಕೆ ಕಪ್ಪೆಯೇ ಯಾಕೆ ಬೇಕಿತ್ತು ಎಂದು ಕೇಳುವಷ್ಟು ಬುದ್ಧಿ ಬರಲಿಲ್ಲ.

ಎರಡು ವಾರಕ್ಕೆ ವ್ಯಾಕರಣ ಒಂದು ಹದಕ್ಕೆ ಬಂತು. ಉಳಿದದ್ದು ಪತ್ರ, ಪತ್ರಕ್ಕೊಂದು ಮೊದಲ ವಾಕ್ಯ. ಕೊಚ್ಚಿಯವರು ಯಾಕೆ ಸುಮ್ಮನಾದರೆಂದು ಅಪ್ಪಯ್ಯನಿಗೆ ಗೊತ್ತಿತ್ತು. ಹಿಂದಿನ ಸಲ ಕಳಿಸಿದ ಹೆಂಚು ಸರಿಯಾಗಿ ಬೆಂದಿರಲಿಲ್ಲ. ಮೊದಲ ಮಳೆಗೇ ಅಲ್ಲಿನ ಮನೆಗಳು ಸೋರಿದವು. ಅವರು ದೂರಿದಾಗ ಹಳೆಯ ಮ್ಯಾನೇಜರು, ಜೋಪಾನವಾಗಿ ಇಳಿಸಿಕೊಳ್ಳದಿದ್ದರೆ ಹೀಗೆಯೇ ಎಂದು ಬರೆದು ಕೈ ತೊಳೆದುಕೊಂಡಿದ್ದರು.

ನಾನು ಒಂದಿಡೀ ಬೆಳಿಗ್ಗೆ ನಡೆದು ಒಂದು ವಾಕ್ಯ ತಂದೆ. ಯುವರ್ ರೂಫ್ಸ್ ಲೀಕ್ಡ್, ಅಂಡ್ ದಿ ಫಾಲ್ಟ್ ವಾಸ್ ಅವರ್ಸ್. ನಿಮ್ಮ ಮಾಡುಗಳು ಸೋರಿದವು, ತಪ್ಪು ನಮ್ಮದು. ಅದನ್ನು ಓದಿ ಹೇಳಿ, ಚಪ್ಪಾಳೆಗೆ ಕಾಯುವವನ ಹಾಗೆ ನಿಂತೆ.

ಅಪ್ಪಯ್ಯನ ಮುಖ ಬಿಳಿಚಿತು. “ಇದ್ ಸುರುವಿಗಾ?”

“ಸುರುವಿಗೇ. ಓದಿದ್ದೇ ಎದ್ ಕೂರ್ಕ್.”

“ಅವ್ರ್ ಕೂಕಣ್ಲೇ ಇಲ್ಲೆ, ಎದ್ ಕೂಪುದ್ ಹ್ಯಾಂಗೆ? ಕಾಲ್ ತೊಳೂಕ್ ನೀರ್ ಕೊಡ್ದೆ, ಬಾಗ್ಲಂಗೇ ನಿಲ್ಸಿ, ನಿಮ್ ಮಾಡ್ ಸೋರಿತ್ ಅಂಬುದಾ? ನಮ್ಮನಿಗ್ ಯಾರಾದ್ರೂ ಹಾಂಗ್ ಬಂದ್ ಹೇಳ್ರೆ ನಾ ಬಾಗ್ಲ್ ಹಾಕ್ತೆ.”

“ಇದ್ ಮನಿ ಅಲ್ಲ ಅಪ್ಪಯ್ಯ, ಕಾಗ್ದ. ಇಂಗ್ಲಿಷ್ ಕಾಗ್ದ. ಅವ್ರ್ ಮೊದಲ್ನೇ ಸಾಲ್ ಓದಿ ಬೇಕಾ ಬೇಡ್ದಾ ಅಂತ ಹೇಳ್ತ್ರ್.”

“ಹಾಂಗಾರೆ ಅವ್ರ್ ಮನುಷ್ಯರಲ್ದಾ?”

ಜಗಳ ಮೂರು ದಿನ ನಡೆಯಿತು. ಅಮ್ಮ ಅಪ್ಪಯ್ಯನ ಪಕ್ಷ, ರಜೆಗೆ ಬಂದಿದ್ದ ಅಕ್ಕ ಯಾರು ಊಟಕ್ಕೆ ಮೊದಲು ಬರುತ್ತಾರೋ ಅವರ ಪಕ್ಷ. ಕೊನೆಗೆ ನಾನು ಒಂದು ಮಾತು ಆಡಿದೆ, ಅದು ಆಡಬಾರದಿತ್ತು: “ನಿಮ್ ಹಾಂಗ್ ಎಮ್ಮಿ ಚರಿತ್ರೆ ಬರ್ದ್ರೆ ಶೆಡ್ಡೇ ಗತಿ.” ಅಪ್ಪಯ್ಯ ವಾಕ್ಯ ಬರೆದಿದ್ದ ಚೀಟಿಯನ್ನು ಮಡಚಿ ಕಿಸೆಗೆ ಹಾಕಿಕೊಂಡು ಸೈಕಲ್ ಹತ್ತಿದರು.

ಪತ್ರ ಹೋಯಿತು. ಅಳಿಯ ಮಂಗಳೂರಿಗೆ ಹೋಗಿದ್ದ ದಿನ ಅಪ್ಪಯ್ಯ ತಮ್ಮ ಕೈಯಲ್ಲೇ ಬರೆದು, ತಾವೇ ಅಂಚೆಗೆ ಹಾಕಿದರು. ನನಗೆ ತೋರಿಸಲಿಲ್ಲ. ಆಮೇಲಿನ ದಿನಗಳಲ್ಲಿ ನಮ್ಮ ಮನೆಯಲ್ಲಿ ಯಾರೂ ಇಂಗ್ಲಿಷಿನ ಮಾತೆತ್ತಲಿಲ್ಲ. ಬಾವಿಕಟ್ಟೆಯ ಗುಡ್ಡ ಬೆಳೆಯುವುದು ನಿಂತಿತು. ಮಂಗಳೂರಿನ ಟೈಪಿಸ್ಟ್ ಒಮ್ಮೆ ಬಂದು ಆಫೀಸು ನೋಡಿ, ಅಪ್ಪಯ್ಯನ ಕುರ್ಚಿಯಲ್ಲಿ ಕೂತು, ಓರೆಯಾಗಿ, ಬೆತ್ತ ಬದಲಾಯಿಸಬೇಕು ಎಂದು ಹೇಳಿ ಹೋದನಂತೆ. ಆ ಸುದ್ದಿ ತಂದ ದಿನ ಅಪ್ಪಯ್ಯ ಅರ್ಧ ಊಟಕ್ಕೇ ಎದ್ದರು. ಆ ವಾರಗಳನ್ನು ನೆನೆದರೆ ನನ್ನ ಕಿವಿಯಲ್ಲಿ ಕಪ್ಪೆಗಳು ವಟಗುಟ್ಟುತ್ತವೆ, ಅಂಗಳ ಒದ್ದೆಯಾಗಿ ಕಾಣುತ್ತದೆ. ಇದು ಸುಳ್ಳಿರಬೇಕು. ಮಿಡಿ ಹಾಕುವ ಕಾಲ ಅದು, ಬಾವಿಯ ತಳ ಕಾಣುವ ಬಿಸಿಲು. ಮಳೆ ಎಲ್ಲಿತ್ತು?

ಒಂದು ಸಂಜೆ ಅಪ್ಪಯ್ಯ ಹಲ್ವದ ಪೊಟ್ಟಣ ಹಿಡಿದು ಬಂದರು. ಬೆವರು ಒರೆಸಿದರು, ನೀರು ಕುಡಿದರು, ದಾರಿಯಲ್ಲಿ ಯಾರ ಕರು ಬಸ್ಸಿಗೆ ಅಡ್ಡ ಬಂತೆಂದು ಹೇಳಿದರು. ಅಮ್ಮ ಪೊಟ್ಟಣವನ್ನೇ ನೋಡುತ್ತಾ ಕಾದಳು. ಕಾಲು ತೊಳೆಯಲು ಬಾವಿಯ ಕಡೆ ಹೊರಟವರು ತಿರುಗಿ ಹೇಳಿದರು: “ಆರ್ಡರ್ ಬಂತ್. ಕುರ್ಚಿ ಉಳೀತ್.” ಮತ್ತೆ ನನ್ನ ಕಡೆ ನೋಡಿ, “ನಿನ್ ಸಾಲ್ ಹಾಕಿದ್ದೆ ಮಗಾ,” ಎಂದರು.

ನಾನು ಅಂದು ಜಗಲಿಯಲ್ಲಿ ಎಷ್ಟು ಸುತ್ತು ಹೊಡೆದೆನೋ ಲೆಕ್ಕವಿಲ್ಲ.

ನಾಲ್ಕೈದು ವರ್ಷ ಈ ಕಥೆಯನ್ನು ನಾನು ಬ್ರಹ್ಮಾವರದ ತರಗತಿಯಲ್ಲಿ ಹೇಳಿದೆ. ಒಂದು ಮೊದಲ ವಾಕ್ಯ ಹೇಗೆ ಒಬ್ಬ ಮನುಷ್ಯನ ಕೆಲಸ ಉಳಿಸಿತು ಎಂಬುದು ಪಾಠದ ಹೆಸರು. ಹೇಳಿ ಹೇಳಿ ಅದಕ್ಕೆ ಕೈಕಾಲು ಬಂದವು. ಕೊಚ್ಚಿಯ ವ್ಯಾಪಾರಿ ಮೊದಲ ಸಾಲು ಓದಿ ಕುರ್ಚಿಯಿಂದ ಎದ್ದು ನಿಲ್ಲತೊಡಗಿದ. ಒಂದೆರಡು ವರ್ಷದ ಮೇಲೆ ಅವನ ಕಣ್ಣಲ್ಲಿ ನೀರೂ ಬಂತು.

ಎಪ್ಪತ್ತರ ದಶಕ ಶುರುವಾದ ಹೊತ್ತಿಗೆ ಅಪ್ಪಯ್ಯ ನಿವೃತ್ತರಾಗಿದ್ದರು. ಒಂದು ರಜೆಯಲ್ಲಿ ಅವರು ಬೈಂದೂರಿನಲ್ಲಿ ಅಕ್ಕನ ಮನೆಯಲ್ಲಿದ್ದಾಗ ನಾನೂ ಹೋದೆ. ಊಟವಾದ ಮೇಲೆ ಭಾವ ಏನೋ ಕೇಳಿದರು, ನಾನು ಕಥೆ ತೆಗೆದೆ. ವ್ಯಾಪಾರಿ ಎದ್ದು ನಿಂತ, ಕಣ್ಣೊರೆಸಿಕೊಂಡ. ಅಪ್ಪಯ್ಯ ಎಲೆಗೆ ಸುಣ್ಣ ಹಚ್ಚುತ್ತಾ ಕೂತಿದ್ದರು. ನಗು ತಡೆಯಲಾರದೆ ಅಕ್ಕನ ಭುಜ ಅಲುಗುತ್ತಿತ್ತು.

“ಎಂತಕೆ ನೆಗಾಡ್ತೆ?” ಎಂದೆ.

ಅವಳು ಎದ್ದು ಹೋಗಿ ಅಪ್ಪಯ್ಯನ ಟ್ರಂಕಿನ ತಳದಿಂದ ಒಂದು ನೀಲಿ ಹಾಳೆ ತಂದು ನನ್ನ ಮುಂದಿಟ್ಟಳು. ಕಾರ್ಬನ್ ಪ್ರತಿ. ಅಪ್ಪಯ್ಯನ ಅಕ್ಷರ, ಗಿಡ್ಡ ‘ಐ’ಗಳು. ಮೊದಲ ವಾಕ್ಯ: ಹಿಯರ್ ದಿ ರೇನ್ ಹ್ಯಾಸ್ ನಾಟ್ ಕಮ್, ಬಟ್ ದಿ ಫ್ರಾಗ್ಸ್ ಆರ್ ರೆಡಿ. ಇಲ್ಲಿ ಮಳೆ ಬಂದಿಲ್ಲ, ಆದರೆ ಕಪ್ಪೆಗಳು ತಯಾರಾಗಿವೆ.

ಅದಾದ ಮೇಲೆ ಹೊಳೆಯಲ್ಲಿ ನೀರೆಷ್ಟಿದೆ, ಮಾವಿನ ಮಿಡಿ ಈ ಸಲ ಹೇಗಿದೆ, ಅಲ್ಲಿ ಎಲ್ಲರೂ ಸೌಖ್ಯವೇ. ಒಂದೂ ತಪ್ಪಿಲ್ಲ, ಎಲ್ಲ ಬೈರಾಸುಗಳೂ ಸರಿಯಾದ ಹೆಗಲಲ್ಲಿದ್ದವು. ಹಾಳೆಯ ಬುಡದಲ್ಲಿ, ಸಹಿಗೆ ಮೊದಲು, ಚಪ್ಪಲಿ ಹಾಕಿಕೊಳ್ಳುವ ಜಾಗದಲ್ಲಿ, ನನ್ನ ವಾಕ್ಯ ನಿಂತಿತ್ತು.

“ನೀವ್ ಹಾಕಿದ್ದೆ ಅಂದಿದ್ರಿ!” ಎಂದೆ.

“ಹಾಕಿದ್ದೆ ಅಂದಿದ್ದೆ. ಎಲ್ಲಿ ಅಂತ ನೀ ಕೇಣ್ಲಿಲ್ಲೆ,” ಎಂದರು ಅಪ್ಪಯ್ಯ.

ಉಳಿದದ್ದನ್ನು ಅವರೇ ಹೇಳಿದರು. ಉತ್ತರ ಬಂದ ದಿನ ಅಳಿಯ ಅದನ್ನು ಓದಿ ಕೆಂಪಾದರಂತೆ. ಕೊಚ್ಚಿಯಲ್ಲಿ ಸೆಖೆ, ಕಡಲು ಶಾಂತ, ಹಲಸು ಈ ಸಲ ಸಾಲದು ಎಂದೆಲ್ಲ ಟೈಪು ಮಾಡಿತ್ತು. “ಎಂತ ರೈಟ್ರೆ ಇದ್? ಅವ್ರಿಗೆಂತ ಮರ್ಳಾ?” ಎಂದು ಕೂಗಾಡಿದರಂತೆ. ಅಪ್ಪಯ್ಯ ನಿಂತಲ್ಲಿಂದಲೇ, “ಕಡೀ ಸಾಲ್ ಕಾಣಿ,” ಎಂದರಂತೆ. ಕಡೆಯ ಸಾಲಿನಲ್ಲಿ ಆರ್ಡರ್ ಇತ್ತು, ಹಿಂದಿನದಕ್ಕಿಂತ ದೊಡ್ಡದು. ಅದರ ಕೆಳಗೆ ಯಾರೋ ಪೆನ್ನಿನಲ್ಲಿ ಕನ್ನಡದಲ್ಲಿ ಬರೆದಿದ್ದರು: “ಹ್ವಾಯ್, ನಾನ್ ಬ್ರಹ್ಮಾವರದ್ ಬದಿಯವ. ಇಲ್ಲಿ ರೈಟ್ರ್. ಕಪ್ಪಿ ಕಂಡದ್ದೇ ನಮ್ಮೂರ್ ಕ್ರಮದ್ ಕಾಗ್ದ ಅಂತ ಗೊತ್ತಾಯ್ತ್. ಸೀದಾ ಕಡೀ ಸಾಲಿಗ್ ಹೋದೆ.”

ಭಾವ ನಕ್ಕು ನಕ್ಕು ಕೆಮ್ಮಿದರು. ನಾನು ಹಾಳೆಯನ್ನೇ ನೋಡುತ್ತಾ ಕೂತೆ. ಕಪ್ಪೆಗಳ ವಟವಟ ನನ್ನ ಕಿವಿಗೆ ಎಲ್ಲಿಂದ ಬಂದದ್ದೆಂದು ಆಗ ತಿಳಿಯಿತು. ಅಂಗಳದಿಂದಲ್ಲ, ಭರಣಿಯ ಮೇಲಿನಿಂದ. ದಿನಕ್ಕೆರಡು ಸಲ ಊಟದ ಜೊತೆ ಓದಿದ ಅರ್ಧ ವಾಕ್ಯ ನನ್ನ ನೆನಪಿನಲ್ಲಿ ಒಂದಿಡೀ ಮಳೆಗಾಲ ಕಟ್ಟಿತ್ತು. ಯಾವ ಮೊದಲ ವಾಕ್ಯ ಅಂಗಿ ಹಿಡಿದು ಎಳೆಯಿತು ಎಂದು ಕೇಳಿದರೆ, ತರಗತಿಯಲ್ಲಿ ಹೇಳುವಂಥ ಉತ್ತರ ನನ್ನ ಬಳಿ ಉಳಿಯಲಿಲ್ಲ.

ಮರುದಿನ ಬ್ರಹ್ಮಾವರಕ್ಕೆ ಬಸ್ಸು ಹಿಡಿಯಲು ಹೊರಟೆ. ಅಪ್ಪಯ್ಯ ಬೆಳಗಿನಿಂದ ಮಾವಿನ ವಿಷಯ ಬಿಟ್ಟು ಬೇರೇನೂ ಮಾತಾಡಿರಲಿಲ್ಲ. ನಾನು ಮೆಟ್ಟಿಲಿಳಿದು ಒಂದು ಕಾಲನ್ನು ಚಪ್ಪಲಿಗೆ ತೂರಿಸಿದ್ದೆ.

“ಹ್ವಾಯ್, ಮತ್ತೊಂದ್ ವಿಷ್ಯ ಇದ್ದಿತ್ತ್,” ಎಂದರು. ಇನ್ನೊಂದು ಚಪ್ಪಲಿ ಹಾಕದೆ ನಿಂತೆ. “ಆ ಬ್ರಹ್ಮಾವರದವ ಮತ್ತೆ ಒಂದ್ಸಲ ಊರಿಗ್ ಬಂದಾಗ ಸಿಕ್ಕಿದ. ಕಪ್ಪಿ ನೋಡಿ ಓದಿದವ ಅವ. ಅವ್ನ್ ಧಣಿಗ್ ಕಪ್ಪಿ ಗೊತ್ತಿಲ್ಲೆ. ಅವ್ರಿಗ್ ಇವ ಓದಿ ಹೇಳಿದ್ ನಿನ್ ಸಾಲ್. ತಪ್ಪ್ ನಮ್ದ್ ಅಂತ ಒಂದ್ ಕಾರ್ಖಾನೆಯವ್ರೂ ಇಲ್ಲಿವರೆಗ್ ಬರೀಲಿಲ್ಲೆ ಅಂದ್ರಂತೆ ಧಣಿ. ಆ ಸಾಲ್ ಇಲ್ದಿದ್ರೆ ನಾ ಶೆಡ್ಡಂಗೇ ಇರ್ತಿದ್ದೆ.”

ಹೀಗೆಯೇ ಹೇಳಿದರೇ? ಅಷ್ಟರಲ್ಲಿ ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿತ್ತು. ಕಡೆಯ ಮಾತು ಅವರದೋ, ನನ್ನ ಆಸೆಯದೋ ಎಂದು ನಾನು ಇಂದಿಗೂ ಆಣೆ ಮಾಡಿ ಹೇಳಲಾರೆ. ಇದಕ್ಕೆ ಕಾರ್ಬನ್ ಪ್ರತಿ ಇಲ್ಲ. ಇನ್ನೊಂದು ಚಪ್ಪಲಿಯನ್ನು ಕೈಯಲ್ಲೇ ಹಿಡಿದು ಬಸ್ಸಿಗೆ ಓಡಿದ್ದು ಮಾತ್ರ ನಿಜ, ಯಾಕೆಂದರೆ ಬ್ರಹ್ಮಾವರ ಬರುವವರೆಗೆ ಕಂಡಕ್ಟರು ಅದರ ಬಗ್ಗೆ ಕುಶಾಲು ಮಾಡುತ್ತಲೇ ಇದ್ದ.